ಗೇಮಿನಲ್ಲಿ ಯಾವುದು ಆಟ, ಯಾವುದು ಅನ್ಯಾಯ: ನೋಡುವುದು ಹೇಗೆ

"ಗೇಮ್ ಅಲ್ವಾ, ಬಿಡು" ಅನ್ನುವ ಮಾತನ್ನು ಬೆಳಗಾವಿಯ ಹಾಸ್ಟೆಲ್‌ಗಳಲ್ಲಿ, ಬಾಗಲಕೋಟೆ ನವನಗರದ ಚಹಾ ಅಂಗಡಿಗಳಲ್ಲಿ ದಿನಾ ಕೇಳುತ್ತೇವೆ. ಅರ್ಧ ನಿಜ. ಬಿಜಿಎಂಐ ಅನ್ನುವ ಗುಂಡಿನ ಕಾಳಗದ ಮೊಬೈಲ್ ಗೇಮಿನಲ್ಲಿ ಎದುರಾಳಿಗೆ ಗುಂಡು ಹೊಡೆದರೆ ಪಾಪ ಏನೂ ಇಲ್ಲ. ಆದರೆ ಹ್ಯಾಕ್ (ಮೋಸದಿಂದ ಗೆಲ್ಲಿಸುವ ಸಾಫ್ಟ್‌ವೇರ್) ಹಾಕಿದವನೂ, ಬೇರೆಯವರ ಐಡಿ ಅಂದರೆ ಗೇಮಿನ ಖಾತೆ ಕದ್ದವನೂ, ಮೈಕ್‌ನಲ್ಲಿ ತಾಯಿ ಹೆಸರು ಹಿಡಿದು ಬೈದವನೂ ಇದೇ ಮಾತಿನ ಹಿಂದೆ ಅಡಗುತ್ತಾನಲ್ಲ, ನನ್ನ ತಕರಾರು ಅಲ್ಲಿ.

ಮೊದಲು ಇದನ್ನು ಕೇಳಿಕೊಳ್ಳಿ: ಆಚೆ ಇರುವವರು ಇದಕ್ಕೆ ಒಪ್ಪಿ ಬಂದಿದ್ದಾರಾ? ಜಾತ್ರೆ ಕುಸ್ತಿಯಲ್ಲಿ ಪೈಲ್ವಾನನನ್ನು ಎತ್ತಿ ಕೆಡವಿದರೆ ಜನ ಶಿಳ್ಳೆ ಹಾಕುತ್ತಾರೆ, ಅಖಾಡದ ಹೊರಗೆ ಹಾಗೇ ಮಾಡಿದರೆ ಪೊಲೀಸ್ ಕೇಸ್. ಈವ್ ಆನ್‌ಲೈನ್ ಅಂತ ಬಾಹ್ಯಾಕಾಶದ ಗೇಮ್ ಇದೆ. ಅಲ್ಲಿ ನಂಬಿಸಿ ಮೋಸ ಮಾಡುವುದಕ್ಕೂ ನಿಯಮದಲ್ಲೇ ಜಾಗ ಇದೆ, ಸೇರುವವರಿಗೂ ಗೊತ್ತಿರುತ್ತದೆ, ಹಾಗಾಗಿ ಅಲ್ಲಿ ಅದು ಆಟವೇ. ಹ್ಯಾಕ್ ಹಾಕಿ ಗೋಡೆಯಾಚೆ ನೋಡಿ ಹೊಡೆಯುವುದಕ್ಕೆ ಮಾತ್ರ ಯಾರೂ ಒಪ್ಪಿಲ್ಲ.

ಎರಡನೆಯದು: ಫೋನ್ ಕೆಳಗಿಟ್ಟ ಮೇಲೂ ಅವರಿಗೆ ಉಳಿಯುವುದೇನು? ಸೋತ ಮ್ಯಾಚ್ ಲಾಬಿಗೆ, ಅಂದರೆ ಗೇಮಿನ ಮೊದಲ ಪರದೆಗೆ, ಬಂದ ಕೂಡಲೇ ಮುಗಿಯಿತು. ಹಾಳಾದ ಶ್ರಮ ಹಾಗೆ ಮುಗಿಯುವುದಿಲ್ಲ. ವಿಜಯಪುರದ ಹುಡುಗಿಯೊಬ್ಬಳು ಬ್ಲಾಕ್ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಗೇಮಿನಲ್ಲಿ ಗೋಲ ಗುಮ್ಮಟ ಕಟ್ಟುತ್ತಿದ್ದಾಳೆ ಅಂದುಕೊಳ್ಳಿ. ಅಲ್ಲಿ ಒಂದು ಬ್ಲಾಕ್ ಅಂದರೆ ಒಂದು ಮೀಟರ್, ಗುಮ್ಮಟದ ಅಗಲವೇ ಸುಮಾರು 44 ಮೀಟರ್, ಅಳತೆ ತಪ್ಪದಂತೆ ಕಟ್ಟಬೇಕೆಂದರೆ ಸಾವಿರಾರು ಬ್ಲಾಕ್‌ಗಳನ್ನು ಲೆಕ್ಕ ಹಾಕಿ ಹಾಕಿ ಇಡಬೇಕು. ಒಡೆಯುವುದೇ ಆಟವಾಗಿರುವ ಸರ್ವರ್ (ಹಲವರು ಸೇರಿ ಆಡುವ ಆನ್‌ಲೈನ್ ಜಾಗ) ಆದರೆ ಸರಿ, ಕಟ್ಟುವವರ ಸರ್ವರ್‌ಗೆ ಬಂದು ಸುಮ್ನೆ ಮಜಾಕ್ಕೆ ಟಿಎನ್‌ಟಿ ಸಿಡಿಮದ್ದು ಇಟ್ಟರೆ ಅವಳ ಎಷ್ಟೋ ಸಂಜೆಗಳನ್ನು ಸುಟ್ಟಂತೆಯೇ.

ಕೋರ್ಟ್ ಕೂಡ ಹೀಗೆ ನೋಡಿದ್ದಿದೆ. 2007ರಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ಹುಡುಗರು 13 ವರ್ಷದವನೊಬ್ಬನನ್ನು ಹೊಡೆದು ಬೆದರಿಸಿ, ರೂನ್‌ಸ್ಕೇಪ್ ಗೇಮಿನಲ್ಲಿದ್ದ ಅವನ ತಾಯಿತ ಮತ್ತು ಮುಖವಾಡವನ್ನು ತಮ್ಮ ಖಾತೆಗೆ ಹಾಕಿಸಿಕೊಂಡರು. ಅವು ನಿಜವಾದ ವಸ್ತುಗಳೇ ಅಲ್ಲ ಅನ್ನುವ ವಾದ ನಡೆಯಲಿಲ್ಲ. ಆ ಹುಡುಗ ಹಾಕಿದ ಸಮಯಕ್ಕೆ, ಶ್ರಮಕ್ಕೆ ಬೆಲೆ ಇದೆ, ಇದು ಕಳ್ಳತನವೇ ಅಂತ 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿತು. ಗೆಳೆಯನ ಐಡಿಯಿಂದ ಸ್ಕಿನ್ (ಗೇಮಿನ ವೇಷ, ಅಲಂಕಾರ) ಎತ್ತುವ ಮುಂಚೆ ಇದು ನೆನಪಿರಲಿ.

ಒಬ್ಬರೇ ಆಡುವ ಗೇಮ್‌ಗಳ ಬಗ್ಗೆ ನನಗೆ ಜಾಸ್ತಿ ಚಿಂತೆ ಇಲ್ಲ. ಕಂಪ್ಯೂಟರೇ ಆಡಿಸುವ ಬಾಟ್‌ಗೆ ನೋವಾಗುವುದಿಲ್ಲ. ಪಕ್ಕದಲ್ಲಿ ಸಣ್ಣ ಮಕ್ಕಳು ಕೂತು ನೋಡುತ್ತಿದ್ದರೆ ಮಾತ್ರ ಏನು ಆಡುತ್ತಿದ್ದೀರಿ ಅಂತ ಗಮನಿಸಿ.

ನಿಜವಾದ ಗಾಯ ಆಗುವುದು ಮಾತಿನಿಂದ. 1993ರಲ್ಲಿ ಲ್ಯಾಂಬ್ಡಾಮೂ ಅನ್ನುವ ಆನ್‌ಲೈನ್ ಲೋಕದಲ್ಲಿ ಚಿತ್ರಗಳೇ ಇರಲಿಲ್ಲ, ಬರೀ ಅಕ್ಷರ. ಅಲ್ಲೊಬ್ಬ ಬೇರೆಯವರ ಪಾತ್ರಗಳು ಎಲ್ಲರ ಎದುರು ಹೇಸಿಗೆಯ ಕೆಲಸ ಮಾಡುತ್ತಿರುವಂತೆ ಬರೆದು ತೋರಿಸಿದ. ಆ ಪಾತ್ರಗಳಲ್ಲೊಂದರ ಹಿಂದಿದ್ದ ಹೆಣ್ಣುಮಗಳು ನಿಜವಾಗಿಯೇ ಅತ್ತರು. ಕೊನೆಗೆ ಅವನ ಖಾತೆ ಅಳಿಸಿದರು, ಆಮೇಲೆ ಅಲ್ಲಿ ಆಟಗಾರರೇ ಮತ ಹಾಕಿ ತೀರ್ಮಾನಿಸುವ ಪದ್ಧತಿ ಬಂತು.

ನಮ್ಮ ಕಡೆ ಬೆಳಗಾವಿಯ ಸ್ಕ್ವಾಡ್ (ಒಟ್ಟಿಗೆ ಆಡುವ ತಂಡ) ಅಂದರೆ ಕನ್ನಡದವ, ಮರಾಠಿಯವ, ಉರ್ದುವಿನವ ಎಲ್ಲ ಒಟ್ಟಿಗೆ ಸಿಗುತ್ತಾರೆ. ಗೆಲ್ಲುವವರೆಗೂ ಅಣ್ಣ ತಮ್ಮ, ಸೋತ ಕೂಡಲೇ ಭಾಷೆ, ಜಾತಿ. ಹುಡುಗಿ ದನಿ ಕೇಳಿಸಿದರಂತೂ ಕೇಳಬೇಡಿ, ಎಷ್ಟೋ ಹುಡುಗಿಯರು ಮೈಕ್ ಆಫ್ ಇಟ್ಟೇ ಆಡುತ್ತಾರೆ. "ಕವರ್ ಯಾಕ ಕೊಡಲಿಲ್ಲೋ" ಅಂತ ಕೂಗಾಡಿ, ತಪ್ಪಿಲ್ಲ, ಅದು ಆಟದ ಮಾತು. ಮನುಷ್ಯನ ಹುಟ್ಟಿನ ಮೇಲೆ ಹೋಗಬೇಡಿ. ನಿಮ್ಮ ತಂಡದವನೇ ಶುರು ಮಾಡಿದರೆ ಸುಮ್ಮನಿರಬೇಡಿ, "ಸಾಕ್ ಬಿಡಪಾ, ಆಟ ಆಡು" ಅಂತ ಎಲ್ಲರಿಗೂ ಕೇಳುವಂತೆ ಒಮ್ಮೆ ಹೇಳಿ. ಬೈಸಿಕೊಂಡವರಿಗೆ ಅಷ್ಟು ಸಾಕು, ತಾವು ಒಂಟಿ ಅಲ್ಲ ಅಂತ ಗೊತ್ತಾಗುತ್ತದೆ. ಆಮೇಲೂ ನಿಲ್ಲಿಸದಿದ್ದರೆ ಮ್ಯೂಟ್ ಮಾಡಿ, ಮ್ಯಾಚ್ ಮುಗಿದ ಮೇಲೆ ರಿಪೋರ್ಟ್ ಒತ್ತಿ. ಬೆದರಿಕೆ ಹಾಕಿದರೆ ಅವನ ಐಡಿ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮನೆಯಲ್ಲಿ ಹೇಳಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.