ಡ್ರೋನ್ ಎತ್ತರವನ್ನು ಸಮುದ್ರಮಟ್ಟದ ಲೆಕ್ಕಕ್ಕೆ ತರುವುದು ಹೇಗೆ?

ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಡೆ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ ಸರ್ವೆ ಮಾಡುವ ಹುಡುಗರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: "ಅಣ್ಣಾ, ಲಿಂಗನಮಕ್ಕಿ ತುಂಬಿದರೆ 1819 ಅಡಿ, ಅಂದ್ರೆ 554.4 ಮೀಟರ್. ನಮ್ಮ ಮ್ಯಾಪಿನಲ್ಲಿ ಗದ್ದೆ 475 ಅಂತಿದೆ. ಹಂಗಾದ್ರೆ ಗದ್ದೆ ನೀರೊಳಗಿರಬೇಕಲ್ವಾ?"

ಇಲ್ಲ. ಎರಡೂ ಅಳತೆಗಳ ಸೊನ್ನೆ ಬೇರೆ ಬೇರೆ. ಅಣೆಕಟ್ಟಿನ ಅಳತೆ ಸಮುದ್ರಮಟ್ಟದಿಂದ. ಆರ್‌ಟಿಕೆ (ಉಪಗ್ರಹದಿಂದ ಸಿಗುವ ಸ್ಥಾನವನ್ನು ಸೆಂಟಿಮೀಟರ್ ಮಟ್ಟಕ್ಕೆ ತಿದ್ದುವ ವಿಧಾನ) ಇರುವ ಡ್ರೋನ್ ಕೊಡುವುದು ಸಾಮಾನ್ಯವಾಗಿ ಡಬ್ಲ್ಯುಜಿಎಸ್ 84 ಎಲಿಪ್ಸಾಯ್ಡಿನಿಂದ. ಅದು ಲೆಕ್ಕಕ್ಕೆಂದು ಮಾಡಿಕೊಂಡ ನುಣುಪಾದ ಭೂಮಿ. ಸಮುದ್ರಮಟ್ಟವನ್ನು ನೆಲದಡಿಗೂ ಎಳೆದಂತಿರುವ ಮೇಲ್ಮೈ ಜಿಯಾಯ್ಡ್. ನಮ್ಮ ಜಿಲ್ಲೆಯಲ್ಲಿ ಅದು ಎಲಿಪ್ಸಾಯ್ಡಿಗಿಂತ 80 ಮೀಟರಿಗೂ ಜಾಸ್ತಿ ಕೆಳಗಿದೆ. ಶ್ರೀಲಂಕಾದ ದಕ್ಷಿಣಕ್ಕೆ ಹೋದರೆ 100 ದಾಟುತ್ತದೆ, ಜಗತ್ತಿನಲ್ಲೇ ದೊಡ್ಡ ತಗ್ಗು ಅದು.

ಲೆಕ್ಕ ಸುಲಭ: ಡ್ರೋನ್ ಎತ್ತರದಿಂದ ಜಿಯಾಯ್ಡ್ ಎತ್ತರ ಕಳೆಯಿರಿ. ಜಿಯಾಯ್ಡ್ ಇಲ್ಲಿ ಮೈನಸ್, ಹಾಗಾಗಿ ಕಳೆದರೆ ಕೂಡಿದಂತೆ. ನಿಮ್ಮ ಜಾಗದಲ್ಲಿ ಮೈನಸ್ 86 ಇದೆ ಅಂದುಕೊಳ್ಳಿ. 475ಕ್ಕೆ 86 ಸೇರಿ 561. ಗದ್ದೆ ತುಂಬಿದ ನೀರಿಗಿಂತ ಆರೂವರೆ ಮೀಟರ್ ಮೇಲಿದೆ.

ಆದರೆ ಕಳೆಯುವ ಮೊದಲು ಫೋಟೋ ಜೋಡಿಸಿದ ಸಾಫ್ಟ್‌ವೇರಿನ ರಿಪೋರ್ಟ್ ತೆರೆದು ನೋಡಿ. ಸಾಫ್ಟ್‌ವೇರೇ ಜಿಯಾಯ್ಡ್ ಕಳೆದಿದ್ದರೆ ನೀವು ಮತ್ತೆ ಕಳೆಯಬಾರದು. ಆರ್‌ಟಿಕೆ ಇಲ್ಲದ ಡ್ರೋನಿನಲ್ಲಿ ಟೇಕಾಫ್ ಜಾಗದಿಂದ ಎಣಿಸಿದ ಎತ್ತರವೂ ಇರುತ್ತದೆ. ಅದಕ್ಕೆ ಈ ಲೆಕ್ಕ ನಡೆಯುವುದಿಲ್ಲ.

ಒಂದು ತೋಟಕ್ಕೆ ಜಿಯಾಯ್ಡಿನ ಒಂದೇ ಸಂಖ್ಯೆ ಸಾಕು. ಬಸಿಗಾಲುವೆಯ ಇಳಿಜಾರಷ್ಟೇ ಬೇಕಿದ್ದರೆ ಪರಿವರ್ತನೆಯೇ ಬೇಡ. ಶಿವಮೊಗ್ಗದಿಂದ ಆಗುಂಬೆವರೆಗೆ ರಸ್ತೆಯ ಸರ್ವೆ ಆದರೆ ಜಿಯಾಯ್ಡೇ ದಾರಿಯುದ್ದಕ್ಕೂ ಬದಲಾಗುತ್ತದೆ. ಆಗ ಇಜಿಎಂ 2008 ಎಂಬ ಜಿಯಾಯ್ಡ್ ಮಾದರಿಯ ಗ್ರಿಡ್ ಫೈಲನ್ನು ಕ್ಯೂಜಿಐಎಸ್ ಎಂಬ ಉಚಿತ ಮ್ಯಾಪ್ ಸಾಫ್ಟ್‌ವೇರಿನಲ್ಲಿ ತೆರೆದು, ಅದರ ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ ನಿಮ್ಮ ಎತ್ತರದ ಪದರದಿಂದ ಕಳೆಯಿರಿ. ಎರಡೂ ಪದರಗಳು ಒಂದೇ ನಕ್ಷೆ ಪದ್ಧತಿಯಲ್ಲಿ, ಅಂದರೆ ಯುಟಿಎಂ ವಲಯ 43ರಲ್ಲಿರಲಿ.

ಇಷ್ಟಾದರೂ ಅದು ಜಾಗತಿಕ ಮಾದರಿ. ಸರ್ವೆ ಆಫ್ ಇಂಡಿಯಾದ ಸಮುದ್ರಮಟ್ಟಕ್ಕೂ ಅದಕ್ಕೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. 1909ರ ಆ ಲೆಕ್ಕ ಬಂದರುಗಳ ಉಬ್ಬರವಿಳಿತ ಅಳೆದು ಮಾಡಿದ್ದು, ನಮ್ಮ ಕಾರವಾರವೂ ಅದರಲ್ಲಿತ್ತು. ಹಾಗಾಗಿ ಸಮುದ್ರಮಟ್ಟದಿಂದ ಎತ್ತರ ಗೊತ್ತಿರುವ ಹತ್ತಿರದ ಬೆಂಚ್‌ಮಾರ್ಕ್ ಕಲ್ಲಿನ ಮೇಲೆ ರೋವರ್ (ಕೈಯಲ್ಲಿ ಒಯ್ಯುವ ಆರ್‌ಟಿಕೆ ರಿಸೀವರ್) ಇಡಿ. ಕಲ್ಲಿನ ಎತ್ತರ 560.20, ಜಿಯಾಯ್ಡ್ ಕಳೆದ ಮೇಲೆ ನಿಮ್ಮದು 560.55 ಬಂದರೆ, ಇಡೀ ಮ್ಯಾಪಿನಿಂದ 35 ಸೆಂಟಿಮೀಟರ್ ಇಳಿಸಿ. ಹಿನ್ನೀರಿನ ಅಂಚಿನಲ್ಲಿ ಅಷ್ಟರಲ್ಲೇ ಒಂದು ಗದ್ದೆ ಮುಳುಗಡೆ ಗೆರೆಯ ಒಳಗೋ ಹೊರಗೋ ಆಗಿಬಿಡುತ್ತದೆ. ಈ ಕೆಲಸ ದಯವಿಟ್ಟು ಬಿಡಬೇಡಿ.

ಅಡಿಕೆ ತೋಟದ ಮೇಲೆ ಹಾರಿಸಿದ್ದರೆ ಸಿಕ್ಕಿರುವುದು ಮರದ ತಲೆಯ ಎತ್ತರ. ಅಲ್ಲಿ ನೆಲದ ಪಾಯಿಂಟುಗಳನ್ನು ನಡೆದೇ ತೆಗೆಯಬೇಕು.