ಹೊಸ ಬಟ್ಟಲಿಗೆ ಮೊದಲು ಅಕ್ಕಚ್ಚು

ಟೋಕಿಯೊಗೆ ಬಂದ ಹೊಸದರಲ್ಲಿ ಎಲ್ಲರೂ ತಟ್ಟೆ ಬಟ್ಟಲು ಕೊಳ್ಳುವುದು ನೂರು ಯೆನ್ ಅಂಗಡಿಯಲ್ಲೇ. ಕೊಳ್ಳಿ, ತಪ್ಪಿಲ್ಲ. ಮನೆ ಒಂದು ಹದಕ್ಕೆ ಬಂದ ಮೇಲೆ ಮಾತ್ರ ಕೈಯಲ್ಲಿ ಮಾಡಿದ ಬಟ್ಟಲೊಂದನ್ನು ತನ್ನಿ. ಸೆಟ್ ಬೇಡ, ಒಂದೇ ಸಾಕು. ಬಳಸುವ ಮೊದಲು ಅದನ್ನು ಪಳಗಿಸುವುದು ಹೇಗೆಂದು ಹೇಳುವ ಚೀಟಿ ಜೊತೆಗೇ ಬರುತ್ತದೆ, ಆದರೆ ಜಪಾನಿಯಲ್ಲಿರುತ್ತದೆ, ನಾವು ಓದದೆ ಎಸೆಯುತ್ತೇವೆ. ನಾನೂ ಎಸೆದಿದ್ದೆ.

ನನ್ನ ಮೊದಲ ಬಟ್ಟಲು ಮಾಶಿಕೊದ್ದು. ತೊಚಿಗಿ ಪ್ರಾಂತ್ಯದ ಈ ಊರಿಗೆ ಟೋಕಿಯೊದ ಅಕಿಹಬರಾದಿಂದ ನೇರ ಬಸ್ಸಿದೆ. ಹಿಂದೆ ಇಲ್ಲಿ ನೀರಿನ ಗಡಿಗೆ, ಅಡುಗೆ ಪಾತ್ರೆ ಮಾಡುತ್ತಿದ್ದರು. 1924ರಲ್ಲಿ ಹಮಾದಾ ಶೋಜಿ ಎಂಬ ಕುಂಬಾರ ಬಂದು ನೆಲೆಸಿದ ಮೇಲೆ ಊರಿನ ಹೆಸರು ದೂರದವರೆಗೂ ಹೋಯಿತು. ಮೇ ತಿಂಗಳ ಮೊದಲ ರಜೆಗಳಲ್ಲಿ ಒಮ್ಮೆ, ನವೆಂಬರ್ 3ರ ಆಸುಪಾಸಿನಲ್ಲಿ ಇನ್ನೊಮ್ಮೆ ದೊಡ್ಡ ಸಂತೆ ಸೇರುತ್ತದೆ. ಮಾಡಿದವರೇ ಕೂತು ಮಾರುತ್ತಾರೆ. ‘ಸವತ್ತೆಮೊ ಈದೆಸ್‌ಕಾ’ (ಮುಟ್ಟಬಹುದೇ) ಎಂದು ಕೇಳಿ, ಎರಡೂ ಕೈಯಲ್ಲಿ ಎತ್ತಿ ನೋಡಿ. ಇಲ್ಲಿ ಅನ್ನದ ಬಟ್ಟಲನ್ನು ಕೈಯಲ್ಲಿ ಹಿಡಿದೇ ಉಣ್ಣುವುದು, ಹಾಗಾಗಿ ಕೈಗೆ ಒಗ್ಗದ ಬಟ್ಟಲು ಎಷ್ಟು ಚೆಂದವಿದ್ದರೂ ಬೇಡ.

ಆಮೇಲೆ ಮಗುಚಿ ನೋಡಿ. ತಳದಲ್ಲಿ ಬಳೆಯಂತೆ ಒಂದು ಕಾಲು ಇರುತ್ತದೆ, ಅದಕ್ಕೆ ಕೊದಾಯ್ ಎನ್ನುತ್ತಾರೆ. ಬಿಸಿ ಅನ್ನವಿದ್ದರೂ ಬೆರಳು ಸುಡದಿರಲಿ ಎಂದೇ ಬಟ್ಟಲನ್ನು ಅಲ್ಲಿ ಹಿಡಿಯುವುದು. ಅಲ್ಲಿ ಗಾಜಿನಂಥ ಮೆರುಗು ಹಚ್ಚಿರುವುದಿಲ್ಲ, ಮಣ್ಣು ಬರಿಗಣ್ಣಿಗೆ ಕಾಣುತ್ತದೆ. ಒರಟಾಗಿ, ಮಣ್ಣಿನ ಬಣ್ಣದಲ್ಲಿದ್ದು, ಬೆರಳಲ್ಲಿ ತಟ್ಟಿದರೆ ಮಂದವಾದ ಸದ್ದು ಬಂದರೆ ಅದು ತೋಕಿ, ನೀರು ಹೀರುವ ಜಾತಿ. ಬೆಳ್ಳಗೆ ನುಣುಪಾಗಿದ್ದು ಟಣ್ ಎಂದರೆ ಜಿಕಿ, ಅಂದರೆ ಪಿಂಗಾಣಿ, ಅರಿತಾ ಎಂಬ ಊರಿನದ್ದು ಇದೇ. ಪಿಂಗಾಣಿಗೆ ಯಾವ ಉಪಚಾರವೂ ಬೇಕಿಲ್ಲ, ತೊಳೆದು ಬಳಸಿ.

ತೋಕಿಯನ್ನು ಮಾತ್ರ ಪಳಗಿಸಬೇಕು. ನಾನು ಪಳಗಿಸದೆ ಮೊದಲ ದಿನವೇ ಅದರಲ್ಲಿ ಬಿಸಿ ಹುಳಿ ಬಡಿಸಿಕೊಂಡೆ. ಮೆರುಗಿನ ಸಣ್ಣ ಸಣ್ಣ ಬಿರುಕುಗಳಲ್ಲಿ ಅರಿಶಿನ ಇಳಿದು, ಹಳದಿ ಬಲೆಯಂತೆ ಇವತ್ತಿಗೂ ಹಾಗೇ ಇದೆ. ಆ ಬಿರುಕು ದೋಷವಲ್ಲ, ಕನ್‌ನ್ಯೂ ಎನ್ನುತ್ತಾರೆ. ಹಗಿ ಎಂಬ ಊರಿನ ಬಟ್ಟಲುಗಳಲ್ಲಿ ಚಹಾ ಅದರೊಳಗೆ ಇಳಿದು ವರ್ಷಗಟ್ಟಲೆ ಬಣ್ಣ ತಿರುಗುವುದನ್ನು ಇಲ್ಲಿನವರು ಪ್ರೀತಿಯಿಂದ ನೋಡುತ್ತಾರೆ. ಚಹಾ ಇಳಿಯಲಿ, ಒಗ್ಗರಣೆ ಎಣ್ಣೆ ಇಳಿಯುವುದು ಬೇಡ.

ಪಳಗಿಸುವುದಕ್ಕೆ ಇಲ್ಲಿನ ಹೆಸರು ಮೆದೊಮೆ. ಅಕ್ಕಿ ತೊಳೆದ ಗಟ್ಟಿ ನೀರಿನಲ್ಲಿ ಬಟ್ಟಲನ್ನು ಕುದಿಸುವುದು, ಅಷ್ಟೇ. ಊರಲ್ಲಿ ಅಕ್ಕಚ್ಚು ಎಂದು ದನಕ್ಕೆ ಇಡುತ್ತಿದ್ದೆವಲ್ಲ, ಅದೇ ನೀರು. ಪಾತ್ರೆಯ ತಳಕ್ಕೊಂದು ಬಟ್ಟೆ ಹಾಸಿ, ಬಟ್ಟಲು ಮುಳುಗುವಷ್ಟು ತಣ್ಣನೆಯ ಅಕ್ಕಚ್ಚು ಹಾಕಿ, ಸಣ್ಣ ಉರಿಯಲ್ಲಿಡಿ. ಕುದಿ ಬಂದ ಮೇಲೆ 15–20 ನಿಮಿಷ. ಒಲೆ ಆರಿಸಿ, ಆ ನೀರಿನಲ್ಲೇ ಪೂರ್ತಿ ತಣಿಯಲು ಬಿಡಿ. ಬಿಸಿಯಲ್ಲಿ ತೆಗೆದರೆ ಒಡೆದೀತು. ಲೋಳೆ ತೊಳೆದು, ಎರಡು ದಿನ ಗಾಳಿಗೆ ಒಣಗಿಸಿ. ಗಂಜಿಯ ಹಿಟ್ಟು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಅಜ್ಜಿ ಹೊಸ ಮಣ್ಣಿನ ಗಡಿಗೆಯಲ್ಲಿ ಗಂಜಿ ಕುದಿಸುತ್ತಿದ್ದದ್ದೂ ಇದಕ್ಕೇ. ದೊನಾಬೆ ಎಂಬ ಮಣ್ಣಿನ ಗಡಿಗೆ ಕೊಂಡರೆ ಇಲ್ಲಿಯವರೂ ಮೊದಲು ಗಂಜಿಯನ್ನೇ ಮಾಡುತ್ತಾರೆ. ಅದರ ತಳ ಒದ್ದೆಯಿದ್ದಾಗ ಉರಿಗೆ ಇಡಬೇಡಿ. ನಿಮ್ಮದು ಐಎಚ್ (ಇಂಡಕ್ಷನ್) ಒಲೆಯಾದರೆ ಸಾಮಾನ್ಯ ದೊನಾಬೆ ಬಿಸಿಯೇ ಆಗದು, ಕೇಳಿ ಕೊಳ್ಳಿ.

ತೋಕಿಯ ದಿನಬಳಕೆಯಲ್ಲಿ ನೆನಪಿಡಬೇಕಾದ್ದು ನೀರು. ಬಡಿಸುವ ಮೊದಲು ಬಟ್ಟಲನ್ನು ಕೆಲ ನಿಮಿಷ ನೀರಿನಲ್ಲಿ ಮುಳುಗಿಸಿ ಒರೆಸಿ. ನೀರು ಕುಡಿದ ಮಣ್ಣು ಸಾರನ್ನು ಅಷ್ಟಾಗಿ ಕುಡಿಯುವುದಿಲ್ಲ. ಉಂಡ ಕೂಡಲೇ ತೊಳೆಯಿರಿ, ರಾತ್ರಿಯಿಡೀ ಸಿಂಕಿನಲ್ಲಿ ನೆನೆಹಾಕಬೇಡಿ. ಕೊದಾಯ್ ಮೇಲೆ ಮಾಡಿ ಒಣಗಿಸಿ, ಏಕೆಂದರೆ ತೇವ ಉಳಿಯುವುದು ಅಲ್ಲೇ. ಜೂನಿನ ತ್ಸುಯು ಮಳೆಯಲ್ಲಿ ಅರೆಬರೆ ಒಣಗಿದ್ದನ್ನು ಕಪಾಟಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಮೈಕ್ರೋವೇವ್, ಡಿಶ್‌ವಾಶರ್ ಎರಡೂ ಬೇಡ. ಚಿನ್ನ ಬೆಳ್ಳಿಯ ಗೆರೆಯಿದ್ದರೆ ಖಂಡಿತ ಬೇಡ.

ಒಡೆದರೆ ಪೇಪರಿನಲ್ಲಿ ಸುತ್ತಿ, ಮೇಲೆ ಕಿಕೆನ್ (ಅಪಾಯ) ಎಂದು ಜಪಾನಿಯಲ್ಲಿ ಬರೆದು, ಸುಡದ ಕಸದ ದಿನ ಹೊರಗಿಡಿ. ಎಸೆಯಲು ಮನಸ್ಸಾಗದಿದ್ದರೆ ಕಿಂತ್ಸುಗಿ ಕಲಿಯಿರಿ, ಚೂರುಗಳನ್ನು ಉರುಶಿ ಮರದ ಅಂಟಿನಿಂದ ಕೂಡಿಸಿ ಚಿನ್ನದ ಪುಡಿ ಹಚ್ಚುವ ಕೆಲಸ. ಉರುಶಿ ನಮ್ಮ ಗೇರುಮರದ ಕುಟುಂಬದ್ದೇ. ಗೇರು ಸೊನೆ ತಾಗಿ ಮೈ ಬೊಬ್ಬೆ ಎದ್ದವರು ಗ್ಲೌಸ್ ಹಾಕದೆ ಅದನ್ನು ಮುಟ್ಟಬೇಡಿ.