ಕ್ಯಾರವಾನ್ ಚಪ್ಪರದ ಕೆಳಗೆ ಏನು ಹಾಸಬೇಕು?

ಹೋದ ಡಿಸೆಂಬರ್‌ನಲ್ಲಿ ಮಗಳು ಮತ್ತು ಅಳಿಯಂದಿರು ಒಂದು ಕ್ಯಾರವಾನ್ ಬಾಡಿಗೆಗೆ ತಂದರು. "ಅಮ್ಮ, ಕೊಂಕಣಕ್ಕೆ ಹೋಗೋಣ, ಹೋಟೆಲ್ ಏನೂ ಬೇಡ, ಗಾಡಿಯಲ್ಲೇ ಮಲಗೋದು" ಅಂದಳು ಮಗಳು. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿ ತಂದಿತ್ತಲ್ಲ, ಆಗಿನಿಂದ ಅಳಿಯಂದಿರಿಗೆ ಇದೇ ಹುಚ್ಚು. ಪುಣೆಯ ನಮ್ಮ ಕೋಥ್ರೂಡ್ ಸೊಸೈಟಿಯ ಗೇಟಿನಿಂದ ಆ ದೊಡ್ಡ ಗಾಡಿ ಹೊರಟಾಗ ವಾಚ್‌ಮನ್‌ನಿಂದ ಹಿಡಿದು ಮೂರನೇ ಮಹಡಿಯ ಆಜಿಯವರೆಗೆ ಎಲ್ಲರೂ ನಿಂತು ನೋಡಿದರು.

ಗಾಡಿಯ ಪಕ್ಕದಿಂದ ಬಟ್ಟೆಯ ಚಪ್ಪರವೊಂದು ಹೊರಗೆ ಬರುತ್ತದೆ, ಅದು ಆನಿಂಗ್. ಅದಕ್ಕೇ ಸುತ್ತಲೂ ಬಟ್ಟೆ ಕಟ್ಟಿ ಕೋಣೆ ಮಾಡಿದರೆ ಅನೆಕ್ಸ್. ಗಾಡಿಯ ಒಳಗೆ ಮಲಗುವುದಷ್ಟೇ, ಉಳಿದ ಸಂಸಾರವೆಲ್ಲ ಈ ಚಪ್ಪರದ ಕೆಳಗೇ. ಚಹಾ ಅಲ್ಲೇ, ತರಕಾರಿ ಹೆಚ್ಚುವುದು ಅಲ್ಲೇ, ರಾತ್ರಿ ಇಸ್ಪೀಟು ಅಲ್ಲೇ. ಆದರೆ ಗಾಡಿಗೆ ಅಷ್ಟೊಂದು ಖರ್ಚು ಮಾಡುವವರು ನೆಲಕ್ಕೆ ಹಾಸುವುದರ ಬಗ್ಗೆ ಮಾತ್ರ ಯೋಚನೆಯೇ ಮಾಡುವುದಿಲ್ಲ. ನಾವೂ ಮಾಡಿರಲಿಲ್ಲ.

ಅಳಿಯಂದಿರು ಡಿಕ್ಕಿಯಲ್ಲಿದ್ದ ನೀಲಿ ಪ್ಲಾಸ್ಟಿಕ್ ತಾಡಪತ್ರಿ (ಟಾರ್ಪಾಲಿನ್) ಹಾಸಿದರು. ಅದರ ಮೇಲೆ ನಾನು ಧಾರವಾಡದಿಂದ ತಂದಿದ್ದ ನವಲಗುಂದದ ಜಮಖಾನೆ. ಗುಹಾಗರದ ಹತ್ತಿರ ಒಬ್ಬರ ಅಡಿಕೆ ತೋಟ, ಮನೆ ಮುಂದೆ ಚೆಂದದ ಹುಲ್ಲು, ಅದರ ಮೇಲೆ ಗಾಡಿ ನಿಲ್ಲಿಸಲು ಜಾಗ ಕೊಟ್ಟಿದ್ದರು. ಮೊದಲ ಸಂಜೆ ಎಲ್ಲ ಚೆನ್ನಾಗಿತ್ತು. ಮಕ್ಕಳು ಸಮುದ್ರದಿಂದ ಬಂದು ಒದ್ದೆ ಕಾಲಲ್ಲೇ ಓಡಾಡಿದರು, ಒಂದು ಬಕೆಟ್ ನೀರೂ ಚೆಲ್ಲಿದರು. ಆ ನೀರು ಹೋಗುವುದೆಲ್ಲಿಗೆ? ತಾಡಪತ್ರಿ ಬಿಡುವುದಿಲ್ಲ. ತಗ್ಗಿದ್ದ ಕಡೆ ನಿಂತುಕೊಂಡಿತು, ರಾತ್ರಿಯೆಲ್ಲ ಜಮಖಾನೆ ಅದನ್ನು ಕುಡಿಯಿತು. ಬೆಳಿಗ್ಗೆ ಎತ್ತಲು ಹೋದರೆ ಇಬ್ಬರು ಬೇಕಾಯಿತು.

ಇನ್ನೊಂದು ಕಡೆ ಮೂಲೆ ಎತ್ತಿ ನೋಡಿದೆ. ಅಲ್ಲಿ ಮೇಲೆ ಒಂದು ಹನಿ ಬಿದ್ದಿರಲಿಲ್ಲ, ಆದರೂ ಕೆಳಗಡೆ ತೊಪ್ಪೆ. ಬಿಸಿ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟರೆ ಮುಚ್ಚಳ ಬೆವರುತ್ತದಲ್ಲ, ಹಾಗೆಯೇ. ನೆಲದಿಂದ ಏಳುವ ಆವಿಗೆ ಹೊರಗೆ ಹೋಗಲು ದಾರಿಯಿಲ್ಲ, ಪ್ಲಾಸ್ಟಿಕ್ಕಿನ ಅಡಿಯಲ್ಲೇ ನೀರಾಗಿ ಕೂರುತ್ತದೆ. ನಾಲ್ಕು ರಾತ್ರಿ ಕಳೆದು ಎಲ್ಲ ಸುತ್ತಿದಾಗ ಹುಲ್ಲಿನ ಮೇಲೆ ಹಳದಿ ಚೌಕವೊಂದು ಬಿದ್ದಿತ್ತು, ಅಳತೆ ಹಿಡಿದು ಬರೆದ ಹಾಗೆ. ಬಿಸಿಲೂ ಇಲ್ಲ ಗಾಳಿಯೂ ಇಲ್ಲದೆ ಹುಲ್ಲು ಇನ್ನೇನಾಗಬೇಕು. ಮನೆಯ ಯಜಮಾನರು ಒಂದು ಮಾತೂ ಆಡಲಿಲ್ಲ, ಸುಮ್ನೆ ಪೈಪ್ ಎಳೆದುಕೊಂಡು ಬಂದು ನೀರು ಬಿಟ್ಟರು. ಬೈದಿದ್ದರೂ ವಾಸಿಯಿತ್ತು.

ಬ್ರಿಟನ್ನಿನಲ್ಲಿ, ಆಸ್ಟ್ರೇಲಿಯಾದಲ್ಲಿ ಎಷ್ಟೋ ಕ್ಯಾರವಾನ್ ಪಾರ್ಕ್‌ಗಳು ಇದೇ ಕಾರಣಕ್ಕೆ ಹುಲ್ಲಿನ ಮೇಲೆ ಗಟ್ಟಿ ಶೀಟ್ ಹಾಸಲು ಬಿಡುವುದಿಲ್ಲ, ಗಾಳಿಯಾಡುವ ಮ್ಯಾಟೇ ಬೇಕು ಅನ್ನುತ್ತವೆ. ನಮ್ಮಲ್ಲಿ ಯಾರೂ ಕೇಳುವುದಿಲ್ಲ ಅಂತ ಬೇರೆಯವರ ಅಂಗಳ ಸುಡುವುದು ಸರಿಯಲ್ಲ, ಅಲ್ವಾ? ಅದಿರಲಿ, ನಮ್ಮ ಸುಖಕ್ಕೂ ಅದೇ ಒಳ್ಳೆಯದು. ಚಪ್ಪರದ ಕೆಳಗಿನ ನೆಲಕ್ಕೆ ಹಾಸುವುದು ನೀರು ಮತ್ತು ಮರಳನ್ನು ಕೆಳಗೆ ಬಿಡುವಂಥದ್ದಾಗಿರಬೇಕು. ಕೂರಲು ಮೆತ್ತಗೆ ಬೇಕಿದ್ದರೆ ಅದರ ಮೇಲೆ ಬೇರೆಯದು ಹಾಸಿ, ಸಂಜೆ ಎತ್ತಿಡಿ. ಈ ಎರಡು ಕೆಲಸವನ್ನೂ ಒಂದೇ ಮ್ಯಾಟ್ ಮಾಡಲಿ ಅಂತ ಹೊರಟಾಗಲೇ ದುಡ್ಡು ಹಾಳಾಗುವುದು.

ತಾಡಪತ್ರಿ ಬೇಡವೇ ಬೇಡ ಅಂತಲ್ಲ. ಮಲಗುವ ಟೆಂಟಿನ ತಳಕ್ಕೆ ಅದು ಬೇಕು. ಆದರೆ ಟೆಂಟಿನ ಅಂಚಿನಿಂದ ಒಂದು ಬೆರಳೂ ಹೊರಗೆ ಬರದಂತೆ ಒಳಕ್ಕೆ ಮಡಚಿ. ಹೊರಗೆ ಚಾಚಿದರೆ ಮಳೆಯ ನೀರನ್ನು ಹಿಡಿದು ನೇರವಾಗಿ ನಿಮ್ಮ ಬೆನ್ನಿನ ಕೆಳಗೇ ತಂದುಬಿಡುತ್ತದೆ.

ಪುಣೆಗೆ ಬಂದ ಮೇಲೆ ರವಿವಾರ ಪೇಠೆಯ ಬೋಹ್ರಿ ಆಳಿಗೆ ಹೋದೆ. ಹಗ್ಗ, ತಾಡಪತ್ರಿ, ಚಾಪೆ, ಮೊಳೆ ಎಲ್ಲ ಒಂದೇ ಗಲ್ಲಿಯಲ್ಲಿ. ಮುಂಬೈಯವರಿಗೆ ಮಸ್ಜಿದ್ ಬಂದರ್ ಇದೆ, ಗೋವಾದವರಿಗೆ ಮಾಪ್ಸಾದ ಶುಕ್ರವಾರದ ಸಂತೆ. ಮೊಬೈಲ್‌ನಲ್ಲಿ ಫೋಟೋ ನೋಡಿ ತರಿಸಬೇಡಿ, ಮ್ಯಾಟನ್ನು ಕೈಯಲ್ಲಿ ಹಿಡಿದೇ ನೋಡಬೇಕು. ನಾನು ಮಾಡುವುದು ಹೀಗೆ. ಮೊದಲು ಬೆಳಕಿಗೆ ಎತ್ತಿ ಹಿಡಿಯುತ್ತೇನೆ. ಹೆಣಿಗೆಯ ಸಂದಿಯಲ್ಲಿ ಸಣ್ಣ ಸಣ್ಣ ಚುಕ್ಕೆಯಾಗಿ ಬೆಳಕು ಕಂಡರೆ ಸರಿ. ಏನೂ ಕಾಣದಿದ್ದರೆ ಹಿಂದೆ ಪ್ಲಾಸ್ಟಿಕ್ಕಿನ ಪದರ ಅಂಟಿಸಿದ್ದಾರೆ ಅಂತ ಅರ್ಥ, ಅದು ಹೆಸರಿಗೆ ಮ್ಯಾಟ್, ಒಳಗೆ ತಾಡಪತ್ರಿಯೇ. ಆಮೇಲೆ ಚೀಲದಿಂದ ನೀರಿನ ಬಾಟಲಿ ತೆಗೆದು ಒಂದು ಮುಚ್ಚಳ ನೀರು ಹಾಕುತ್ತೇನೆ, ಅಂಗಡಿಯವನ ಮುಖ ನೋಡುವುದಿಲ್ಲ. ಹತ್ತು ಎಣಿಸುವಷ್ಟರಲ್ಲಿ ನೀರು ಇಳಿಯಬೇಕು. ನಂತರ ಮೂಗಿನ ಹತ್ತಿರ ಹಿಡಿದು ನೋಡಿ. ಸೀಮೆಎಣ್ಣೆಯಂಥ ಘಾಟು ಹೊಡೆದರೆ ಬಿಡಿ, ಬಿಸಿಲಿಗೆ ಅದು ಇನ್ನೂ ಜಾಸ್ತಿಯಾಗುತ್ತದೆ. ಒದ್ದೆ ಕರವಸ್ತ್ರದಿಂದ ಉಜ್ಜಿ, ಬಣ್ಣ ಬಿಟ್ಟರೆ ನಾಳೆ ಮಕ್ಕಳ ಚಡ್ಡಿಗೂ ಹತ್ತುತ್ತದೆ.

ಕೊನೆಗೆ ತೂಕ. ಅಂಗಡಿಯವರು ಜಿಎಸ್‌ಎಂ ಇಷ್ಟು ಅಂತ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. ಲೆಕ್ಕ ಸುಲಭ. 3 ಮೀಟರ್ ಉದ್ದ, 2.5 ಮೀಟರ್ ಅಗಲದ ಮ್ಯಾಟ್ 7.5 ಚದರ ಮೀಟರ್ ಆಯಿತು. 400 ಜಿಎಸ್‌ಎಂ ಅಂತ ಹೇಳಿದರೆ 3 ಕಿಲೋ ತೂಗಬೇಕು. ನಾನು ನೋಡಿದ್ದನ್ನು ಅಲ್ಲೇ ತಕ್ಕಡಿಗೆ ಹಾಕಿಸಿದೆ, 2 ಕಿಲೋ ಬಂತು, ಅಂದರೆ 270 ಜಿಎಸ್‌ಎಂ ಕೂಡ ಇಲ್ಲ. "ಆಜಿ, ನೀವು ಟೀಚರಾ?" ಅಂತ ಕೇಳಿದ ಹುಡುಗ ಒಳಗಿನಿಂದ ಬೇರೆ ಮ್ಯಾಟ್ ತಂದ. ಟೀಚರ್ ಅಲ್ಲ, ನಲವತ್ತು ವರ್ಷ ಪುಣೆಯಲ್ಲಿ ಸಂಸಾರ ಮಾಡಿದವಳು.

ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ದಾರದ ಈ ಹೆಣಿಗೆ ಮ್ಯಾಟುಗಳಲ್ಲಿ ಬಿಸಿಲು ತಡೆಯುವ ಮದ್ದು ಹಾಕಿದ್ದು ಬೇರೆ, ಹಾಕದ್ದು ಬೇರೆ. ಹಾಕದ್ದು ಒಂದೆರಡು ಬೇಸಿಗೆಗೇ ಒಣಗಿದ ಬಾಳೆ ಎಲೆಯಂತೆ ಸೀಳಿ ಪುಡಿ ಉದುರಿಸುತ್ತದೆ. ಯುವಿ ಅಂತ ಲೇಬಲ್ ಇದೆಯಾ ನೋಡಿ. ಸುತ್ತ ಅಂಚಿಗೆ ಪಟ್ಟಿ ಇಟ್ಟು ಜೋಡಿ ಹೊಲಿಗೆ ಹಾಕಿರಬೇಕು, ನಾಲ್ಕು ಮೂಲೆಗೆ ಮಾತ್ರವಲ್ಲ, ಮಧ್ಯೆಯೂ ಹಗ್ಗ ಪೋಣಿಸಲು ಲೋಹದ ಕಣ್ಣುಗಳಿರಬೇಕು.

ಅಳತೆಯಲ್ಲಿ ಎಲ್ಲರೂ ಎಡವುವುದು ದೊಡ್ಡದು ತಂದು. ಚಪ್ಪರಕ್ಕಿಂತ ಮ್ಯಾಟ್ ಮೂರೂ ಕಡೆ ಒಂದು ಗೇಣು ಒಳಗಿರಲಿ. ಚಪ್ಪರದ ಅಂಚಿನಿಂದ ನೀರು ಸುರಿಯುವ ಜಾಗದಲ್ಲಿ ಮ್ಯಾಟ್ ಇದ್ದರೆ ಕೆಸರು ಸಿಡಿದು ಮೇಲೆಲ್ಲ ಬೀಳುತ್ತದೆ. ಅಂಗಡಿಯಲ್ಲಿ ಫೂಟು, ಕ್ಯಾರವಾನ್‌ನವರದ್ದು ಮೀಟರು. 1 ಮೀಟರ್ ಅಂದರೆ 3.28 ಫೂಟು, ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಇನ್ನು ಎಂಥ ನೆಲದ ಮೇಲೆ ಅನ್ನುವುದು. ಗೋವಾ, ಕೊಂಕಣದ ಮರಳಿಗೆ ನನ್ನ ಓಟು ನರ್ಸರಿಗೆ ಕಟ್ಟುವ ಹಸಿರು ನೆಟ್ಟಿಗೆ. 90 ಪರ್ಸೆಂಟಿನದು, ಅಂದರೆ ಬಿಸಿಲನ್ನು ಅಷ್ಟು ತಡೆಯುವಂಥದ್ದು, ತಂದು ಎರಡು ಮಡಿಕೆ ಮಾಡಿ ಅಂಚು ಹೊಲಿಸಿ. ಕಾಲಿನ ಮರಳು ಅದರಲ್ಲಿ ನಿಲ್ಲದೆ ಸಂದಿಯಿಂದ ಕೆಳಗೆ ಇಳಿಯುತ್ತದೆ, ಗುಡಿಸುವ ಕೆಲಸವೇ ಇಲ್ಲ. ಚಾಪೆಯ ಅರ್ಧ ಬೆಲೆಯೂ ಆಗುವುದಿಲ್ಲ, ಮಡಚಿದರೆ ದಿಂಬಿನಷ್ಟು. ಒಂದೇ ತೊಂದರೆ, ಕುರ್ಚಿಯ ಚೂಪು ಕಾಲಿಗೆ ಹರಿಯುತ್ತದೆ. ಹಳೆಯ ರಬ್ಬರ್ ಚಪ್ಪಲಿ ಕತ್ತರಿಸಿ ಕುರ್ಚಿ ಕಾಲಿಗೆ ಮೆಟ್ಟಿಸಿ.

ಮರಳಿನಲ್ಲಿ ಮಾಮೂಲಿ ಗೂಟ ಸರಿಯಾಗಿ ನಿಲ್ಲುವುದಿಲ್ಲ. ಅಲ್ಲಿ ಕಾಯಿಪಲ್ಲೆ ತರುವ ನಾಲ್ಕು ಬಟ್ಟೆ ಚೀಲ ಬೇಕು. ಚೀಲಕ್ಕೆ ಮರಳು ತುಂಬಿ, ಬಾಯಿ ಬಿಗಿದು ಕಟ್ಟಿ, ಅದೇ ಹಗ್ಗವನ್ನು ಮ್ಯಾಟಿನ ಕಣ್ಣಿಗೆ ಪೋಣಿಸಿ. ನಂತರ ಮೊಳದುದ್ದ ಗುಂಡಿ ತೋಡಿ ಚೀಲವನ್ನು ಹೂತುಬಿಡಿ. ಮೇಲೆ ನಿಂತು ಒಂದೆರಡು ಸಲ ತುಳಿಯಿರಿ. ಸಂಜೆಯ ಸಮುದ್ರದ ಗಾಳಿ ಎಷ್ಟು ಎಳೆದರೂ ಮೂಲೆ ಏಳುವುದಿಲ್ಲ. ಅಳಿಯಂದಿರು ಮೊದಲು ನಕ್ಕರು. ಮರುದಿನ ಪಕ್ಕದ ಟೆಂಟಿನವರ ಚಾಪೆ ಹಾರಿ ಸುರು ಮರಕ್ಕೆ (ಗಾಳಿಮರ) ಸಿಕ್ಕಿಕೊಂಡಾಗ ಇವರೇ ಹೋಗಿ ಚೀಲದ ವಿದ್ಯೆ ಹೇಳಿಕೊಟ್ಟು ಬಂದರು, ತಮ್ಮದೇ ಅನ್ನುವ ಹಾಗೆ!

ಘಟ್ಟದ ಮೇಲಿನ ಗರಸು ನೆಲದಲ್ಲಿ ಇದಕ್ಕೆ ಉಲ್ಟಾ. ಪ್ಲಾಸ್ಟಿಕ್ ಗೂಟ ಮುರಿಯುತ್ತದೆ. 6 ಇಂಚಿನ ಕಬ್ಬಿಣದ ಮೊಳೆ, ತಲೆಯ ಕೆಳಗೆ ಅಗಲದ ವಾಷರ್ ಹಾಕಿ ಹೊಡೆಯಿರಿ, ಇಲ್ಲದಿದ್ದರೆ ಮೊಳೆಯ ತಲೆ ಕಣ್ಣಿನಿಂದ ನುಸುಳಿ ಹೋಗುತ್ತದೆ. ವಾಷರ್‌ಗೆ ಕೆಂಪು ಚಿಂದಿ ಕಟ್ಟಿ. ರಾತ್ರಿ ಎದ್ದಾಗ ಎಡವುವುದು ನನ್ನಂಥ ಮುದುಕಿಯರೇ.

ಕೊಂಕಣದ ಕೆಂಪು ಮಣ್ಣಿನ ಕಲೆ ತೊಳೆದರೆ ಹೋಗುವುದಲ್ಲ, ಅದಕ್ಕೆ ಬಿಳಿ, ಕೆನೆ ಬಣ್ಣದ ಮ್ಯಾಟ್ ಬೇಡ. ಹಾಗಂತ ಕಪ್ಪೂ ಬೇಡ, ಏಪ್ರಿಲ್ ಬಿಸಿಲಿಗೆ ಬರಿಗಾಲು ಇಡಲಾಗುವುದಿಲ್ಲ. ಇಟ್ಟಿಗೆ ಬಣ್ಣ, ಕಂದು, ಬೂದು ಇವೇ ಸರಿ. ಪ್ಲಾಸ್ಟಿಕ್ ಹುಲ್ಲು ನೋಡಲಷ್ಟೇ ಚೆಂದ, ಮರಳು ತುಂಬಿಕೊಂಡು ಕಲ್ಲಿನ ಭಾರವಾಗುತ್ತದೆ, ಬಾಲ್ಕನಿಗೆ ಇರಲಿ. ಒಂದಕ್ಕೊಂದು ಸಿಕ್ಕಿಸುವ ಫೋಮ್ ಚೌಕಗಳು ಮಂಡಿನೋವಿನವರಿಗೆ ಹಿತ, ಆದರೆ ಸಿಮೆಂಟ್ ನೆಲದ ಮೇಲೆ ಮಾತ್ರ. ನಾರಿನ ಮ್ಯಾಟ್ ಬಾಗಿಲ ಮೆಟ್ಟಿಲ ಮುಂದೆ ಒಂದು ಇರಲಿ, ಕಾಲು ಒರೆಸಲು ಅದಕ್ಕಿಂತ ಒಳ್ಳೆಯದಿಲ್ಲ. ಗೋಣಿಚೀಲ ಹಾಸಬೇಡಿ, ಒದ್ದೆಯಾದರೆ ಗೆದ್ದಲು ಹಿಡಿಯುತ್ತದೆ.

ಮಳೆಗಾಲದಲ್ಲಿ ಲೋಣಾವಳ, ಪವನಾ ಕೆರೆಯ ಕಡೆ ಹೋಗುವವರು ಕೇಳುತ್ತಾರೆ, ಕೆಸರಿಗೆ ಯಾವ ಮ್ಯಾಟ್ ಅಂತ. ಯಾವುದೂ ಇಲ್ಲ. ತೂತಿರುವ ಮ್ಯಾಟಿನಲ್ಲಿ ಕೆಸರು ಮೇಲೆ ಬರುತ್ತದೆ, ತಾಡಪತ್ರಿಯ ಮೇಲೆ ಜಾರಿ ಬೀಳುತ್ತೀರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಲ್ಲು ಹಾಸಿದ ಅಥವಾ ಸಿಮೆಂಟಿನ ಜಾಗ ಸಿಕ್ಕರೆ ಮಾತ್ರ ಚಪ್ಪರ ಬಿಚ್ಚಿ. ಇಲ್ಲದಿದ್ದರೆ ಗಾಡಿಯೊಳಗೇ ಕೂತು ಕಾಂದಾಭಜಿ (ಈರುಳ್ಳಿ ಬಜ್ಜಿ) ತಿನ್ನಿ.

ಭಜಿ ಅಂದಾಗ ನೆನಪಾಯಿತು, ಮ್ಯಾಟಿನ ಮೇಲೆ ಸ್ಟೋವ್ ಇಡಬೇಡಿ. ಒಂದು ಕಿಡಿ ಬಿದ್ದರೂ ಪ್ಲಾಸ್ಟಿಕ್ ಕರಗಿ ತೂತಾಗುತ್ತದೆ. ನಮ್ಮ ಹೊಸ ಮ್ಯಾಟಿಗೆ ಮೊದಲ ತೂತು ಬಿದ್ದಿದ್ದು ಸೊಳ್ಳೆ ಬತ್ತಿಯಿಂದ, ಎಂಟಾಣೆಯಷ್ಟು ಅಗಲ. ಈಗ ಬತ್ತಿಯನ್ನು ಸ್ಟೀಲ್ ತಟ್ಟೆಯಲ್ಲಿಡುತ್ತೇನೆ. ಸ್ಟೋವನ್ನು ಮ್ಯಾಟಿನಾಚೆ, ಚಪ್ಪರದ ಬಟ್ಟೆಯಿಂದಲೂ ದೂರ, ಎರಡು ಇಟ್ಟಿಗೆಯ ಮೇಲೆ. ಎಣ್ಣೆ ಚೆಲ್ಲಿದರೆ ನೀರು ಹಾಕಿ ಹರಡಬೇಡಿ, ಆರಿದ ಒಲೆಯ ಬೂದಿ ಹಾಕಿ ಅರ್ಧ ಗಂಟೆ ಬಿಟ್ಟು ಗುಡಿಸಿ.

ಬೆಳಿಗ್ಗೆ ಮ್ಯಾಟ್ ಎತ್ತುವಾಗ ಕೈ ಹಾಕಿ ಎಳೆಯಬೇಡಿ. ಕೋಲಿನಿಂದ ಆಚೆ ತುದಿ ಎತ್ತಿ, ಮಗುಚಿ, ಕೆಳಗೆ ನೋಡಿ. ಬೆಚ್ಚಗಿನ ಕತ್ತಲೆ ಜಾಗ ಚೇಳಿಗೆ ಬಹಳ ಇಷ್ಟ, ಕೊಂಕಣದ ಕೆಂಪು ಚೇಳು ಹುಡುಗಾಟದ್ದಲ್ಲ. ಮಹಾಡದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ಪ್ರಾಝೋಸಿನ್ ಅನ್ನುವ ರಕ್ತದೊತ್ತಡದ ಗುಳಿಗೆ ಕೊಟ್ಟು ಚೇಳು ಕಡಿದವರನ್ನು ಉಳಿಸುವ ದಾರಿ ತೋರಿಸಿದವರು, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಡಿದರೆ ಈರುಳ್ಳಿ ಉಜ್ಜುತ್ತಾ, ಮಂತ್ರ ಹಾಕಿಸುತ್ತಾ ಕೂರದೆ ಸೀದಾ ಆಸ್ಪತ್ರೆಗೆ ಹೋಗಿ. ಚಪ್ಪಲಿ, ಬೂಟು ಕೂಡ ಕೊಡವಿಯೇ ಹಾಕಿಕೊಳ್ಳಿ.

ಮನೆಗೆ ಬಂದ ಮೇಲೆ ಮೊದಲು ಒಣಗಿಸಿ, ಆಮೇಲೆ ಕೊಡವಿ. ಒದ್ದೆ ಮರಳು ಎಷ್ಟು ಕೊಡವಿದರೂ ಬಿಡುವುದಿಲ್ಲ, ಒಣಗಿದರೆ ತಾನೇ ಉದುರುತ್ತದೆ. ನಂತರ ಸಿಹಿನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಉಪ್ಪಿಗೆ ಕಣ್ಣುಗಳು ತುಕ್ಕು ಹಿಡಿಯುತ್ತವೆ. ಸೋಪಿನ ಪುಡಿ, ಮೆತ್ತನೆ ಪೊರಕೆ ಸಾಕು. ಎರಡೂ ಮಗ್ಗುಲು ನೆರಳಲ್ಲಿ ಒಣಗಿಸಿ, ಮಡಚದೆ ಒಂದು ಪಿವಿಸಿ ಪೈಪಿಗೆ ಸುತ್ತಿ. ಮಡಚಿದ ಗೆರೆಯಲ್ಲೇ ಮೊದಲು ಸೀಳುವುದು. ನಮ್ಮದು ಹಳೆಯ ಹಾಸಿಗೆ ಚಾದರದ ಚೀಲದಲ್ಲಿ ಲಾಫ್ಟ್ ಮೇಲಿದೆ. ಜಮಖಾನೆ ಮಾತ್ರ ಒಣಗಲು ಆರು ದಿನ ತೆಗೆದುಕೊಂಡಿತು, ಬಾಲ್ಕನಿಯ ಕಟಕಟೆಯ ಮೇಲೆ ಅದನ್ನು ಕಂಡು ಮೂರನೇ ಮಹಡಿಯ ಆಜಿ "ಇದೂ ಸಮುದ್ರಸ್ನಾನ ಮಾಡಿ ಬಂತಾ?" ಅಂತ ಕೇಳಿದರು.